ಕಾರಿನೊಳಗೆ ಮಳೆನೀರು: ಸೋರುವ ಜಾಗ ಪತ್ತೆಹಚ್ಚಿ ಸರಿಪಡಿಸುವ ಕ್ರಮ

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ನಾಲ್ಕು ದಿನ ಬಿಡದೆ ಹೊಯ್ದಿತೆಂದರೆ ಮಂಗಳೂರು, ಉಡುಪಿಯ ಗ್ಯಾರೇಜುಗಳಲ್ಲಿ ಕಾರಿನೊಳಗೆ ನೀರು ಎಂಬ ದೂರು ಕೇಳಿಬರುತ್ತದೆ. ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ, ಗಾಜು ಒಳಗಿನಿಂದ ಮಬ್ಬಾಗಿರುತ್ತದೆ, ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದರೆ ಬೆರಳ ಸಂದಿಯಲ್ಲಿ ನೀರು ಜಿನುಗುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ ಕರಾವಳಿ ನಮ್ಮದು. ಬೇರೆ ಊರಿನಲ್ಲಿ ವರ್ಷಗಟ್ಟಲೆ ಗೊತ್ತೇ ಆಗದ ಸಣ್ಣ ದೋಷವೂ ಇಲ್ಲಿ ಒಂದೇ ಮಳೆಗಾಲದಲ್ಲಿ ಹೊರಬೀಳುತ್ತದೆ.

ಸಂದಿ ಮುಚ್ಚುವ ಸಿಲಿಕೋನ್ ಅಂಟನ್ನು ಎಲ್ಲಿ ಹಚ್ಚಬೇಕು ಎಂಬುದೇ ಹೆಚ್ಚಿನವರ ಮೊದಲ ಪ್ರಶ್ನೆ. ಆ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ಬಾಗಿಲಿನ ಹೊಟ್ಟೆಯೊಳಗೆ, ವೈಪರ್ ಅಡಿಯ ತೊಟ್ಟಿಗೆ, ಸನ್‌ರೂಫ್ ಸುತ್ತಲಿನ ಕಾಲುವೆಗೆ ಪ್ರತಿ ಮಳೆಯಲ್ಲೂ ನೀರು ಇಳಿಯುತ್ತದೆ. ಕಾರು ಕಟ್ಟುವವರು ಇದನ್ನು ಬಲ್ಲವರೇ. ಹಾಗೆ ಇಳಿದ ನೀರು ನೆಲಕ್ಕೆ ಹೋಗಲೆಂದು ತೂತುಗಳನ್ನೂ ಕೊಳವೆಗಳನ್ನೂ ಇಟ್ಟಿರುತ್ತಾರೆ. ಆ ಹೊರದಾರಿ ಕಟ್ಟಿಕೊಂಡಾಗ ನೀರು ಏರಿ, ಎಂದೂ ಹೋಗಬಾರದ ಕಡೆಗೆ ತಿರುಗುತ್ತದೆ. ಆದ್ದರಿಂದ ಟ್ಯೂಬ್ ಕೈಗೆತ್ತಿಕೊಳ್ಳುವ ಮೊದಲು ಹೊರದಾರಿಗಳನ್ನೆಲ್ಲ ನೋಡಿ ಮುಗಿಸಿ. ಏನು ಅಂಟಿಸಬೇಕು, ಎಲ್ಲಿ ಅಂಟಿಸಬೇಕು ಎಂಬ ವಿಚಾರ ಅದರ ನಂತರದ್ದು.

ಅದು ಮಳೆನೀರೇ?

ಮುಂದಿನ ಎಡಗಡೆ, ಅಂದರೆ ಚಾಲಕನ ಪಕ್ಕದವರು ಕಾಲಿಡುವ ಜಾಗ ಮಾತ್ರ ಒದ್ದೆಯಾಗಿದ್ದರೆ ಮೊದಲು ಏಸಿಯನ್ನು ಅನುಮಾನಿಸಿ. ನಮ್ಮಲ್ಲಿನ ಹೆಚ್ಚಿನ ಕಾರುಗಳಲ್ಲಿ ಏಸಿಯ ತಂಪುಸುರುಳಿ ಮತ್ತು ಗಾಳಿ ತಳ್ಳುವ ಫ್ಯಾನ್ (ಬ್ಲೋವರ್) ಇರುವುದು ಅದೇ ಬದಿಯ ಡ್ಯಾಶ್‌ಬೋರ್ಡ್ ಹಿಂದೆ. ಸುರುಳಿಯ ಮೇಲೆ ಕೂಡುವ ನೀರು ಸಣ್ಣ ರಬ್ಬರ್ ಕೊಳವೆಯೊಂದರ ಮೂಲಕ ಕಾರಿನಡಿಗೆ ತೊಟ್ಟಿಕ್ಕಬೇಕು. ಪರೀಕ್ಷೆ ಸುಲಭ. ಮಳೆ ಬೀಳದ ಹೊತ್ತಿನಲ್ಲಿ, ಒಣ ನೆಲದ ಮೇಲೆ ಕಾರು ನಿಲ್ಲಿಸಿ, ಏಸಿಯನ್ನು ಇಪ್ಪತ್ತು ನಿಮಿಷ ಜೋರಾಗಿ ಓಡಿಸಿ ಬಗ್ಗಿ ನೋಡಿ. ಕರಾವಳಿಯ ಗಾಳಿಯಲ್ಲಿರುವ ತೇವಕ್ಕೆ ಕೆಳಗೆ ಚೆನ್ನಾಗಿಯೇ ಹನಿ ಬೀಳಬೇಕು. ಹನಿ ಬೀಳದೆ ಒಳಗೆ ಮಾತ್ರ ಒದ್ದೆಯಾಗುತ್ತಿದ್ದರೆ ಆ ಕೊಳವೆ ಕಟ್ಟಿದೆ, ಅಥವಾ ಒಳತುದಿಯಲ್ಲಿ ಜಾರಿದೆ. ಕೆಳಗಿನ ಬಾಯಿಯಿಂದ ಮೆದುವಾದ ನೈಲಾನ್ ದಾರ ಆಡಿಸಿದರೆ ಧೂಳಿನ ಕೆಸರು ಇಳಿದುಬಂದು ತಡೆದ ನೀರು ಒಮ್ಮೆಗೇ ಸುರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲೂ ಒದ್ದೆಯಾಗುತ್ತಿತ್ತೇ ಎಂದು ನೆನಪಿಸಿಕೊಳ್ಳಿ. ಆಗುತ್ತಿತ್ತೆಂದಾದರೆ ಉತ್ತರ ಬಹುಮಟ್ಟಿಗೆ ಸಿಕ್ಕಿದಂತೆಯೇ.

ಒದ್ದೆ ಬೆರಳಿಗೆ ಅಂಟಂಟಾಗಿ ಸಿಕ್ಕಿ, ಸಿಹಿ ವಾಸನೆ ಇದ್ದು, ಗಾಜಿನ ಒಳಮೈಯಲ್ಲಿ ಒರೆಸಿದರೂ ಹೋಗದ ಜಿಡ್ಡಿನ ಮಬ್ಬು ಕಟ್ಟಿದರೆ ಅದು ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ. ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಸುರುಳಿ ಸೋರುತ್ತಿದೆ ಎಂದರ್ಥ. ಕೂಲೆಂಟ್ ಡಬ್ಬಿಯ ಮಟ್ಟ ನೋಡಿ, ತಡಮಾಡದೆ ಗ್ಯಾರೇಜಿಗೆ ಕೊಡಿ. ಅದರಿಂದ ಎಂಜಿನ್ನಿಗೇ ಅಪಾಯ.

ಹಿಂದಿನ ಗಾಜಿಗೂ ವೈಪರ್ ಇರುವ ಕಾರುಗಳಲ್ಲಿ ಮೂರನೆಯ ಸಾಧ್ಯತೆಯೊಂದಿದೆ. ಹಿಂಗಾಜು ತೊಳೆಯುವ ನೀರಿನ ಸಪೂರ ಕೊಳವೆ ಮುಂದಿನಿಂದ ಹಿಂದಿನವರೆಗೆ ಕಾರಿನೊಳಗೇ, ಅಂಚಿನ ಮುಚ್ಚಳಗಳ ಮರೆಯಲ್ಲಿ ಸಾಗುತ್ತದೆ. ಅದರ ಜೋಡಣೆ ಕಳಚಿದ್ದರೆ ಗುಂಡಿ ಒತ್ತಿದಾಗಲೆಲ್ಲ ನೀರು ಒಳಗೆ ಸುರಿಯುತ್ತದೆ. ಹಿಂಗಾಜಿಗೆ ನೀರು ಚಿಮ್ಮುತ್ತಿಲ್ಲ, ಛಾವಣಿಯ ಒಳಬಟ್ಟೆ ಮಾತ್ರ ಒದ್ದೆ ಎಂದಾದರೆ ಮಳೆಯನ್ನು ದೂರಬೇಡಿ.

ಒದ್ದೆಯಾಗುವ ಹೊತ್ತು, ನಿಲ್ಲಿಸಿದ ದಿಕ್ಕು

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಡೆದ ಹಂಚು ಒಂದು ಕಡೆ ಇರುತ್ತದೆ, ನೀರು ರೀಪಿನಿಂದ ಪಕ್ಕಾಸಿಗೆ ಹರಿದು ನಾಲ್ಕು ಮಾರು ಆಚೆ ಹಾಸಿಗೆಯ ಮೇಲೆ ಬೀಳುತ್ತದೆ. ಕಾರಿನಲ್ಲೂ ನೀರು ಕಂಡ ಜಾಗ ನೀರು ಹೊಕ್ಕ ಜಾಗವಾಗಿರುವುದು ಅಪರೂಪ. ಮುಂದೆ ಹೊಕ್ಕ ನೀರು ಕಾರ್ಪೆಟ್ ಅಡಿಯಲ್ಲಿ ಹರಿದು ಹಿಂದಿನ ಸೀಟಿನ ಮುಂದೆ ಹೊಂಡದಲ್ಲಿ ನಿಲ್ಲುತ್ತದೆ. ಆದ್ದರಿಂದ ಎಲ್ಲಿ ಒದ್ದೆ ಎನ್ನುವುದರ ಜೊತೆಗೆ ಯಾವಾಗ ಒದ್ದೆ ಎನ್ನುವುದನ್ನೂ ಗಮನಿಸಬೇಕು.

ನಿಲ್ಲಿಸಿದಾಗ ಒದ್ದೆಯಾಗುತ್ತದೋ, ಓಡಿಸುವಾಗಲೋ? ನಿಂತ ಕಾರು ಒದ್ದೆಯಾಗುವುದು ಮೇಲಿನಿಂದ: ವೈಪರ್ ತೊಟ್ಟಿ, ಗಾಜು, ಸನ್‌ರೂಫ್, ಬಾಗಿಲು. ಹೆದ್ದಾರಿ 66ರಲ್ಲಿ ಉಡುಪಿಯಿಂದ ಮಂಗಳೂರಿಗೆ ಮಳೆಯಲ್ಲಿ ಬಂದಾಗ ಮಾತ್ರ ಒದ್ದೆಯಾಗುತ್ತಿದ್ದರೆ ಚಕ್ರಗಳು ಚಿಮ್ಮಿಸುವ ನೀರಿನ ಮೇಲೆ ಕಣ್ಣಿಡಿ. ನೆಲದ ರಬ್ಬರ್ ಬಿರಡೆಗಳು, ಚಕ್ರದ ಕಮಾನಿನೊಳಗಿನ ಪ್ಲಾಸ್ಟಿಕ್ ಹೊದಿಕೆ, ಹಿಂದಿನ ಬಂಪರ್ ಒಳಗಿನ ಗಾಳಿಕಿಂಡಿ ಇವು ಆಗ ಮುಖ್ಯ.

ಇನ್ನು ಇಳಿಜಾರು. ಮಂಗಳೂರು ಗುಡ್ಡಗಳ ಊರು. ಕದ್ರಿ, ಬಿಜೈ, ಬೆಂದೂರು, ಅತ್ತ ಮಣಿಪಾಲ, ಎಲ್ಲೇ ನೋಡಿದರೂ ಕಾರು ಮೂತಿ ಮೇಲೆ ಮಾಡಿಯೋ ಕೆಳಗೆ ಮಾಡಿಯೋ ನಿಂತಿರುತ್ತದೆ. ಮೂತಿ ಮೇಲಿದ್ದಾಗ ವೈಪರ್ ತೊಟ್ಟಿಯ ನೀರು ಕ್ಯಾಬಿನ್ ಕಡೆಗೆ ವಾಲುತ್ತದೆ, ಸನ್‌ರೂಫಿನ ನೀರೆಲ್ಲ ಹಿಂದಿನ ಎರಡು ಕೊಳವೆಗಳ ಮೇಲೆ ಬೀಳುತ್ತದೆ. ಮೂತಿ ಕೆಳಗಿದ್ದಾಗ ಇದು ತಿರುಗುಮುರುಗು. ಅಂಗಳದಲ್ಲಿ ಒಂದು ರಾತ್ರಿ ಹೀಗೆ, ಇನ್ನೊಂದು ರಾತ್ರಿ ಹಾಗೆ ನಿಲ್ಲಿಸಿ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಂಗಾರಿನ ಜಡಿ ಪಡುವಣ ಕಡಲಿನಿಂದ ಓರೆಯಾಗಿ ಹೊಡೆಯುತ್ತದೆ. ಸುರತ್ಕಲ್, ಮಲ್ಪೆಯಂಥ ಕಡಲಬದಿಯಲ್ಲಿ ಪಡುವಣಕ್ಕೆ ತೆರೆದ ಬದಿಯ ಬಾಗಿಲು ಮಾತ್ರ ಸೋರಿದರೆ ಅದರ ಅಂಚಿನ ರಬ್ಬರ್ ಪಟ್ಟಿಯನ್ನು (ಬೀಡಿಂಗ್) ಮೊದಲು ನೋಡಬೇಕು.

ಪೈಪಿನ ಪರೀಕ್ಷೆ

ಮಳೆಗಾಗಿ ಕಾಯುತ್ತ ಕೂರುವುದಕ್ಕಿಂತ ಮನೆಯ ನೀರಿನ ಪೈಪಿನಿಂದ ಪರೀಕ್ಷಿಸುವುದು ಮೇಲು. ಆದರೆ ಅದಕ್ಕೆ ಮೊದಲು ಒಳಗನ್ನು ಒಣಗಿಸಿ, ಮ್ಯಾಟ್ ತೆಗೆದು, ಕಾರ್ಪೆಟ್ ಅಂಚು ಎತ್ತಿ, ಬರಿಯ ತಗಡು ಕಾಣುವಂತೆ ಮಾಡಿಕೊಳ್ಳಬೇಕು. ಹಳೆಯ ನೀರು ಇರುವಾಗ ಹೊಸ ನೀರು ಕಾಣುವುದಿಲ್ಲ. ಅನುಮಾನವಿರುವ ಅಂಚುಗಳ ಉದ್ದಕ್ಕೂ ಒಳಬದಿಗೆ ಮುಖದ ಪೌಡರ್ ಉದುರಿಸಿ. ಒಂದೇ ಒಂದು ಹನಿ ಹರಿದರೂ ಬಿಳಿಯ ಮೇಲೆ ಗೆರೆ ಮೂಡುತ್ತದೆ. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ.

ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗೆ ನೀರು ಬಿಡಬೇಕು. ನೀರು ಬಿಡುವ ಕ್ರಮ ಕೆಳಗಿನಿಂದ ಮೇಲಕ್ಕೆ: ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ಬಾಗಿಲಿನ ಗಾಜಿನ ಬುಡ, ವೈಪರ್ ಬುಡ, ಮುಂಗಾಜಿನ ಅಂಚು, ಕೊನೆಗೆ ಛಾವಣಿ. ಛಾವಣಿಯಿಂದ ಶುರು ಮಾಡಿದರೆ ನೀರು ಇಡೀ ಕಾರಿನ ಮೇಲೆ ಇಳಿದು ಯಾವುದರಿಂದ ಸೋರಿತೆಂದು ತಿಳಿಯುವುದಿಲ್ಲ. ಒಂದೊಂದು ಜಾಗಕ್ಕೂ ಐದರಿಂದ ಹತ್ತು ನಿಮಿಷ ಕೊಡಿ, ಅವಸರ ಬೇಡ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಚಿಮ್ಮಿಸಬೇಡಿ. ಮಳೆ ಬಿದ್ದಂತೆ ಮೆಲ್ಲಗೆ ಹರಿಯಲಿ. ಸರ್ವೀಸ್ ಸ್ಟೇಷನ್ನಿನ ಒತ್ತಡದ ನೀರು ಒಳ್ಳೆಯ ಬೀಡಿಂಗನ್ನೂ ದಾಟಿ ಒಳನುಗ್ಗುತ್ತದೆ, ಇಲ್ಲದ ದೋಷವನ್ನು ತೋರಿಸುತ್ತದೆ.

ಒಬ್ಬರೇ ಇದ್ದರೆ ಇನ್ನೊಂದು ಉಪಾಯವಿದೆ. ಗಾಜುಗಳನ್ನೆಲ್ಲ ಏರಿಸಿ, ಹೊರಗಾಳಿ ಒಳಬರುವ ಸ್ಥಿತಿಯಲ್ಲಿ ಬ್ಲೋವರನ್ನು ಪೂರ್ತಿ ವೇಗಕ್ಕಿಟ್ಟು ಬಾಗಿಲು ಹಾಕಿ. ಒಳಗೆ ಗಾಳಿಯ ಒತ್ತಡ ಏರುತ್ತದೆ. ಹೊರಗಿನಿಂದ ಗಾಜಿನ ಅಂಚು, ಆಂಟೆನಾ ಬುಡ, ಹಿಂದಿನ ದೀಪದ ಸುತ್ತ ಸೋಪಿನ ನೀರು ಸವರಿದರೆ ಸಂದಿಯಿದ್ದಲ್ಲಿ ಗುಳ್ಳೆಗಳೇಳುತ್ತವೆ.

ವೈಪರ್ ಅಡಿಯ ತೊಟ್ಟಿ

ನಮ್ಮ ಕಡೆ ಅತಿ ಹೆಚ್ಚು ಕಾಡುವ ಜಾಗ ಇದು, ಕಾರಣ ಮರಗಳು. ಮುಂಗಾಜಿನ ಬುಡದಲ್ಲಿರುವ ಕಪ್ಪು ಪ್ಲಾಸ್ಟಿಕ್ ಹಲಗೆಯ ಅಡಿ ಅಗಲವಾದ ತೊಟ್ಟಿಯೊಂದಿದೆ. ಗಾಜಿನ ಮೇಲೆ ಬಿದ್ದ ನೀರಿನ ಬಹುಪಾಲು ಅದಕ್ಕೆ ಇಳಿದು, ಎರಡು ಮೂಲೆಗಳ ತೂತುಗಳಿಂದ ಚಕ್ರಗಳ ಹಿಂದೆ ನೆಲಕ್ಕೆ ಬೀಳುತ್ತದೆ. ಬ್ಲೋವರಿಗೆ ಹೊರಗಾಳಿ ಸಿಗುವ ಬಾಯಿಯೂ ಅದೇ ತೊಟ್ಟಿಯಲ್ಲಿದೆ. ತೂತು ಕಟ್ಟಿ ನೀರು ಆ ಬಾಯಿಯ ಅಂಚಿನವರೆಗೆ ಏರಿತೆಂದರೆ ಮುಂದಿನ ಹಾದಿ ಬ್ಲೋವರ್, ಅಲ್ಲಿಂದ ಎಡಬದಿಯ ಕಾರ್ಪೆಟ್.

ಮಾವು, ಹಲಸಿನ ದೊಡ್ಡ ಎಲೆಗಳು ಹಲಗೆಯ ಮೇಲೇ ನಿಲ್ಲುತ್ತವೆ, ಕೈಯಿಂದ ಬಾಚಿ ತೆಗೆಯಬಹುದು. ಒಳಗಿಳಿದು ಕಾಡುವವು ಸಣ್ಣವು: ಪಣಂಬೂರು, ಮಲ್ಪೆಯ ಕಡಲಬದಿಯ ಗಾಳಿಮರದ ಸೂಜಿಯೆಲೆಗಳು, ರೆಂಜೆಯ (ಬಕುಳದ) ಹೂ, ಮಾವಿನ ಹೂವಿನ ಪುಡಿ. ಇವು ಹಲಗೆಯ ಜಾಲರಿಯ ಸಂದಿಯಲ್ಲಿ ನುಸುಳಿ ತೊಟ್ಟಿಯಲ್ಲಿ ಕೊಳೆತು ಕಪ್ಪು ಗೊಬ್ಬರವಾಗುತ್ತವೆ. ಆ ಗೊಬ್ಬರದಲ್ಲಿ ಗಿಡ ಮೊಳೆತದ್ದನ್ನೂ ನೋಡಿದ್ದೇನೆ.

ಪರೀಕ್ಷೆಗೆ ಸಲಕರಣೆ ಬೇಡ. ವೈಪರಿನ ಬುಡದಲ್ಲಿ ಒಂದೊಂದು ಮೂಲೆಗೂ ಒಂದು ಚೊಂಬು ನೀರು ಹೊಯ್ಯಿರಿ. ಅದೇ ಬದಿಯ ಮುಂಚಕ್ರದ ಹಿಂದೆ ಕೂಡಲೇ ನೀರು ಬೀಳಬೇಕು. ಹನಿಹನಿಯಾಗಿ ಬಂದರೆ ಅರ್ಧ ಕಟ್ಟಿದೆ, ಬಾರದೇ ಇದ್ದರೆ ಪೂರ್ತಿ. ಇನ್ನೊಂದು ಸಾಕ್ಷಿ ಕ್ಯಾಬಿನ್ ಫಿಲ್ಟರ್: ಡ್ಯಾಶ್‌ಬೋರ್ಡಿನ ಎಡಗಡೆಯ ಖಾನೆಯನ್ನು ಕಳಚಿ ಹಿಂದಿರುವ ಫಿಲ್ಟರ್ ಎಳೆಯಿರಿ. ಅದು ಒದ್ದೆಯಾಗಿದ್ದರೆ, ಅಥವಾ ಅದರ ಮೇಲೆ ನೀರು ಹರಿದ ಕಂದು ಗುರುತು ಇದ್ದರೆ ಬೇರೆಲ್ಲಿಯೂ ಹುಡುಕುವ ಅಗತ್ಯವಿಲ್ಲ.

ಮಣಿಪಾಲದ ಸ್ನೇಹಿತರೊಬ್ಬರ ಕಾರಿಗೆ ಒಂದು ಗ್ಯಾರೇಜಿನವರು ಮುಂಗಾಜಿನ ಸುತ್ತ ಎರಡು ಸಲ ಸಿಲಿಕೋನ್ ಹೊಡೆದಿದ್ದರು. ಆದರೂ ಎಡಬದಿ ಒದ್ದೆ. "ಗಾಜನ್ನೇ ತೆಗೆಸಿ ಹೊಸತಾಗಿ ಕೂರಿಸಬೇಕಂತೆ ಮಾರಾಯರೇ, ಏನು ಮಾಡಲಿ?" ಎಂದು ಕೇಳಿದರು. ಅವರ ಮನೆಯೆದುರು ಏರು, ಕಾರು ನಿಲ್ಲುವುದು ಮೂತಿ ಮೇಲೆ ಮಾಡಿ, ಮಾವಿನ ಮರದಡಿ. ಎಡಮೂಲೆಗೆ ಹೊಯ್ದ ಚೊಂಬಿನ ನೀರು ಅಲ್ಲೇ ನಿಂತಿತು. ಹಲಗೆ ಬಿಚ್ಚಿದಾಗ ಎಡಗಡೆಯ ತೂತಿನ ಮೇಲೆ ಅಂಗೈಯಗಲದ ಎಲೆಯ ಮುದ್ದೆ ಕೂತಿತ್ತು, ಗ್ಯಾರೇಜಿನಲ್ಲಿ ಹೊಡೆದ ಸಿಲಿಕೋನಿನ ಉಂಡೆಯೊಂದು ಅದರೊಳಗೆ ಸೇರಿಕೊಂಡಿತ್ತು. ಗಾಜಿಗೆ ಏನೂ ಆಗಿರಲಿಲ್ಲ.

ಹಲಗೆ ಬಿಚ್ಚುವಾಗ ವೈಪರ್ ಕೈಗಳು ಗಾಜಿನ ಮೇಲೆ ನಿಲ್ಲುವ ಜಾಗಕ್ಕೆ ಮೊದಲು ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಬುಡದ ಪ್ಲಾಸ್ಟಿಕ್ ಟೋಪಿ ಎಬ್ಬಿಸಿದರೆ ನಟ್ ಕಾಣುತ್ತದೆ. ನಟ್ ಸಡಿಲಿಸಿದ ಮೇಲೂ ಕೈ ಹಲ್ಲಿಗೆ ಕಚ್ಚಿ ಕೂತಿರುತ್ತದೆ. ಅತ್ತಿತ್ತ ಮೆಲ್ಲಗೆ ಅಲುಗಿಸಿ ಬಿಡಿಸಿ, ಸುತ್ತಿಗೆ ಬೇಡ. ಹಲಗೆಯ ಕ್ಲಿಪ್ಪುಗಳು ಹಳೆಯ ಕಾರುಗಳಲ್ಲಿ ಒಡೆಯುತ್ತವೆ, ನಾಲ್ಕಾರು ಹೊಸ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಕಸವನ್ನು ನೀರಿನಿಂದ ತಳ್ಳದೆ ಕೈಯಿಂದ ಎತ್ತಿ ತೆಗೆಯಿರಿ, ತಳ್ಳಿದರೆ ಅದು ತೂತಿನೊಳಗೇ ಹೋಗಿ ಸಿಕ್ಕಿಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ತೂತಿನ ಕೆಳತುದಿಗೆ ರಬ್ಬರಿನ ಚಪ್ಪಟೆ ಬಾಯಿ ಇರುತ್ತದೆ. ಅದರ ತುಟಿಗಳು ಮಣ್ಣಿನಿಂದ ಅಂಟಿಕೊಂಡಿರುವುದುಂಟು. ಬೆರಳಿನಿಂದ ಹಿಸುಕಿ ಬಿಡಿಸಿ. ಮತ್ತೆ ಕೂರಿಸುವಾಗ ಹಲಗೆಯ ಅಂಚು ಗಾಜಿನ ಬುಡಕ್ಕೆ ಉದ್ದಕ್ಕೂ ಒತ್ತಿ ಕೂತಿದೆಯೇ ನೋಡಿ. ಅಲ್ಲಿ ಬಾಯಿಬಿಟ್ಟಿದ್ದರೆ ನೀರು ನೇರವಾಗಿ ಬ್ಲೋವರ್ ಬಾಯಿಯ ಮೇಲೆ ಸುರಿಯುತ್ತದೆ.

ಇಲಿ, ಹೆಗ್ಗಣಗಳ ಗೂಡು ಸಿಕ್ಕಿದರೆ ಸುತ್ತಲಿನ ವಯರು, ರಬ್ಬರುಗಳನ್ನೂ ಪರೀಕ್ಷಿಸಿ. ಗೂಡಿದ್ದಲ್ಲಿ ಕಡಿತ ಇದ್ದೇ ಇರುತ್ತದೆ.

ಬಾಗಿಲು

ಬಾಗಿಲಿನ ಗಾಜು ಏರಿಳಿಯುವ ಸಂದಿಯ ಹೊರಪಟ್ಟಿ ನೀರನ್ನು ಪೂರ್ತಿ ತಡೆಯಲಾರದು. ಗಾಜಿನ ಮೇಲೆ ಹರಿದ ನೀರಿನಲ್ಲಿ ಒಂದಿಷ್ಟು ಬಾಗಿಲೊಳಗೆ ಇಳಿದು ಕೆಳಅಂಚಿನ ತೂತುಗಳಿಂದ ಹೊರಬೀಳುತ್ತದೆ. ಬಾಗಿಲು ತೆರೆದು ಮುಚ್ಚುವಾಗ ಒಳಗೆ ಬಳಬಳ ಸದ್ದು ಕೇಳಿದರೆ ಆ ತೂತುಗಳು ಕಟ್ಟಿವೆ. ಬಗ್ಗಿ ಕೆಳಅಂಚು ನೋಡಿದರೆ ಸಾಲಾಗಿ ಕಾಣುತ್ತವೆ. ಪೊರಕೆಕಡ್ಡಿಯಿಂದ ಚುಚ್ಚಿದರೆ ಸಾಕು. ತುಕ್ಕುನಿರೋಧಕ ಕೋಟಿಂಗ್ ಹೊಡೆಸಿದ ಕಾರುಗಳಲ್ಲಿ ಆ ಕೋಟಿಂಗೇ ತೂತುಗಳನ್ನು ಮುಚ್ಚಿರುವುದುಂಟು.

ಇದಕ್ಕಿಂತ ಕಷ್ಟದ, ಆದರೆ ಅಷ್ಟೇ ಸಾಮಾನ್ಯವಾದ ದೋಷ ಒಳಗಿದೆ. ಬಾಗಿಲಿನ ಅಲಂಕಾರದ ಹಲಗೆಯ ಹಿಂದೆ, ತಗಡಿಗೆ ಕಪ್ಪು ಬ್ಯೂಟೈಲ್ ಅಂಟಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದಿದೆ. ಬಾಗಿಲೊಳಗಿನ ನೀರಿಗೂ ನಿಮ್ಮ ಕಾರ್ಪೆಟ್‌ಗೂ ನಡುವೆ ಇರುವ ತಡೆ ಅದೊಂದೇ. ಸ್ಪೀಕರ್ ಬದಲಿಸಿದಾಗ, ಪವರ್ ವಿಂಡೋ ರಿಪೇರಿ ಮಾಡಿದಾಗ ಅದನ್ನು ಹರಿದು ತೆಗೆದು ಹಾಗೆಯೇ ಬಿಡುವವರಿದ್ದಾರೆ, ಅಥವಾ ಧೂಳು ಮೆತ್ತಿದ ಅಂಟಿನ ಮೇಲೆ ನೆಪಕ್ಕೆ ಒತ್ತಿ ಮುಗಿಸುತ್ತಾರೆ. ಹಾಳೆಯ ಕೆಳಅಂಚು ಬಿಟ್ಟುಕೊಂಡಿತೆಂದರೆ ನೀರು ಅಲಂಕಾರದ ಹಲಗೆಯ ಹಿಂದೆ ಇಳಿದು, ಹೊಸ್ತಿಲ ಮೇಲಿಂದ ಒಳಗೆ ಜಾರುತ್ತದೆ. ಗುರುತು ಸ್ಪಷ್ಟ: ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಅಡಿ ಒದ್ದೆ, ಬಾಗಿಲ ಹಲಗೆಯ ಕೆಳಗಿನ ಬಟ್ಟೆ ಒದ್ದೆ, ಆದರೆ ಬೀಡಿಂಗ್ ಒಣಗಿದೆ. ಇತ್ತೀಚೆಗೆ ಬಾಗಿಲು ಬಿಚ್ಚಿದ ಕೆಲಸ ಏನಾದರೂ ಆಗಿದೆಯೇ ಎಂದು ಕೇಳಿಕೊಂಡರೆ ಎಷ್ಟೋ ಸಲ ಅಲ್ಲಿಗೇ ಪತ್ತೆಯಾಗುತ್ತದೆ.

ಸರಿಪಡಿಸುವುದು ತಾಳ್ಮೆಯ ಕೆಲಸ. ಹಿಡಿಕೆಯ ಹಿಂದೆ ಅಡಗಿದ ಸ್ಕ್ರೂಗಳನ್ನು ಬಿಚ್ಚಿ, ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ, ಸ್ವಿಚ್ಚಿನ ವಯರು ಕಳಚಿ ಹಲಗೆಯನ್ನು ಬದಿಗಿಡಿ. ಹಾಳೆ ಗಟ್ಟಿಯಾಗಿದ್ದರೆ ಅದನ್ನೇ ಬಳಸಬಹುದು. ತೂತಾಗಿದ್ದರೆ ದಪ್ಪ ಪಾಲಿಥೀನ್ ಹಾಳೆಯನ್ನು ಹಳೆಯದರ ಅಳತೆಗೆ ಕತ್ತರಿಸಿ. ತಗಡಿನ ಮೇಲಿನ ಧೂಳನ್ನು ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಬ್ಯೂಟೈಲ್ ಟೇಪನ್ನು ಎಲ್ಲೂ ತುಂಡಾಗದಂತೆ ಸುತ್ತ ಹಾಕಿ. ಹಳೆಯ ಅಂಟು ಉಳಿದಿದ್ದರೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಗೆ ಅದು ಮೆದುವಾಗಿ ಮತ್ತೆ ಹಿಡಿಯುತ್ತದೆ. ಹಾಳೆಯ ಕೆಳತುದಿಯನ್ನು ಬಾಗಿಲಿನ ಹೊಟ್ಟೆಯೊಳಕ್ಕೆ ಇಳಿಬಿಡಲೆಂದು ತಗಡಿನಲ್ಲಿ ಸೀಳು ಇದ್ದರೆ ಅದರೊಳಕ್ಕೇ ತೂರಿಸಿ. ಹೊರಗೆ ಬಿಟ್ಟರೆ ಹಾಳೆಯ ಮೇಲಿಂದ ಇಳಿದ ನೀರು ಕಾರಿನೊಳಕ್ಕೇ ಬರುತ್ತದೆ, ಪಟ್ಟ ಶ್ರಮವೆಲ್ಲ ವ್ಯರ್ಥ. ಬ್ಯೂಟೈಲ್ ಬದಲು ಸಿಲಿಕೋನ್ ಬಳಸಬೇಡಿ. ಮುಂದೆ ಬಾಗಿಲು ಬಿಚ್ಚುವವರು ಹಾಳೆಯನ್ನು ಹರಿಯದೆ ತೆಗೆಯಲಾರರು.

ಬೀಡಿಂಗ್ ಪರೀಕ್ಷೆಗೆ ಕಾಗದದ ಪಟ್ಟಿಯೊಂದನ್ನು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಜಗ್ಗಿ ಬರಬೇಕು. ಸಲೀಸಾಗಿ ಜಾರಿದಲ್ಲಿ ರಬ್ಬರ್ ಚಪ್ಪಟೆಯಾಗಿದೆ ಇಲ್ಲವೇ ಬಾಗಿಲು ಸರಿಯಾಗಿ ಕೂರುತ್ತಿಲ್ಲ. ಢಿಕ್ಕಿಯಾಗಿ ಟಿಂಕರಿಂಗ್ ಆದ ಕಾರಿನಲ್ಲಿ ಎರಡನೆಯದೇ ಹೆಚ್ಚು, ಅಲ್ಲಿ ಹೊಸ ಬೀಡಿಂಗ್ ಹಾಕಿ ಫಲವಿಲ್ಲ.

ಸನ್‌ರೂಫ್

ಛಾವಣಿಯ ದೀಪದಿಂದ ಹನಿ ಬಿದ್ದರೆ, ಮುಂಗಾಜಿನ ಬದಿಯ ಕಂಬದ ಬಟ್ಟೆ ಒದ್ದೆಯಾದರೆ ಸನ್‌ರೂಫ್ ಗಾಜಿನ ರಬ್ಬರನ್ನು ದೂರುವವರು ಹೆಚ್ಚು. ಆ ರಬ್ಬರ್ ನೀರನ್ನು ಕಡಿಮೆ ಮಾಡುತ್ತದೆ ಅಷ್ಟೆ. ಒಳಬಂದ ನೀರನ್ನು ಹಿಡಿಯುವುದು ಚೌಕಟ್ಟಿನ ಕಾಲುವೆ, ಇಳಿಸುವುದು ಮೂಲೆಗಳಿಂದ ಕಂಬಗಳೊಳಗೆ ಇಳಿಯುವ ಕೊಳವೆಗಳು. ಗಾಜು ತೆರೆದು ಒಂದೊಂದು ಮೂಲೆಗೂ ಅರ್ಧ ಲೋಟ ನೀರು ನಿಧಾನವಾಗಿ ಹೊಯ್ದು ಕೆಳಗೆ ಬೀಳುತ್ತದೆಯೇ ನೋಡಿ. ಬೀಳದಿದ್ದರೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರವನ್ನು ಮೇಲಿನಿಂದ ಮೆಲ್ಲಗೆ ಇಳಿಸಿ. ಅದರ ತುದಿಯನ್ನು ಬೆಂಕಿಯಲ್ಲಿ ತುಸು ಉಂಡೆ ಮಾಡಿಕೊಂಡರೆ ಕೊಳವೆಗೆ ಚುಚ್ಚುವುದಿಲ್ಲ.

ಕಂಪ್ರೆಸರ್ ಗಾಳಿ ಹೊಡೆಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಕೊಳವೆಯ ಜೋಡಣೆಗಳು ಬರಿಯ ಬಿಗಿತದಲ್ಲಿ ನಿಂತಿರುತ್ತವೆ. ಗಾಳಿಯ ಹೊಡೆತಕ್ಕೆ ಅದು ಕಂಬದೊಳಗೇ ಕಳಚಿದರೆ, ಅಷ್ಟರವರೆಗೆ ಹನಿಯಾಗಿದ್ದದ್ದು ಧಾರೆಯಾಗುತ್ತದೆ. ಮತ್ತೆ ಜೋಡಿಸಲು ಕಂಬದ ಹೊದಿಕೆ, ಛಾವಣಿಯ ಬಟ್ಟೆ ಇಳಿಸಬೇಕು. ಹಲವು ಕಾರುಗಳಲ್ಲಿ ಅಲ್ಲೇ ಪರದೆಯ ಏರ್‌ಬ್ಯಾಗ್ ಇರುವುದರಿಂದ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಮುಂದಿನ ಗಾಜು

ಗಾಜು ಎಂದೂ ಬದಲಾಗಿರದ ಕಾರಿನಲ್ಲಿ ಇದು ಕೊನೆಯ ಅನುಮಾನವಾಗಲಿ. ಬದಲಾಗಿದ್ದರೆ ಮೊದಲ ಸಾಲಿನದು. ಗಾಜನ್ನು ಹಿಡಿದಿರುವುದು ಯುರೆಥೇನ್ ಅಂಟು. ಅದು ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥದ್ದಾದರೂ ಅಂಟಿಸುವ ಮೇಲ್ಮೈ ಒಣಗಿರಬೇಕು, ಆದ್ದರಿಂದ ಮಳೆಗಾಲದಲ್ಲಿ ಮಾಡಿನಡಿಯಲ್ಲೇ ಕೆಲಸವಾಗಬೇಕು. ಹೊರಗಿನಿಂದ ಸಿಲಿಕೋನ್ ಹೊಡೆದರೆ ಎರಡು ಕೇಡು. ವಿನಿಗರ್ ವಾಸನೆಯ ಅಗ್ಗದ ಸಿಲಿಕೋನ್ ಬಣ್ಣ ಹೋದ ತಗಡಿಗೆ ತುಕ್ಕು ಹಿಡಿಸುತ್ತದೆ, ಮತ್ತು ಅದರ ಪಸೆ ಉಳಿದ ಕಡೆ ಮುಂದೆ ಯುರೆಥೇನ್ ಸರಿಯಾಗಿ ಹಿಡಿಯುವುದಿಲ್ಲ. ಅಪಘಾತವಾದಾಗ ಎಡಬದಿಯ ಏರ್‌ಬ್ಯಾಗ್ ಉಬ್ಬಿ ಒರಗುವುದು ಅನೇಕ ಕಾರುಗಳಲ್ಲಿ ಇದೇ ಗಾಜಿಗೆ. ಅಂಟು ಸಡಿಲವಾಗಿದೆ ಎಂದು ಖಚಿತವಾದರೆ ಗಾಜು ತೆಗೆಸಿ ಹೊಸದಾಗಿ ಅಂಟಿಸುವುದೊಂದೇ ಸರಿಯಾದ ದಾರಿ. ವಾರಂಟಿ ಉಳಿದಿರುವ ಕಾರಾದರೆ ನೀವೇನೂ ಹಚ್ಚಬೇಡಿ. ಸೋರುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಕಂಪನಿಯ ಸರ್ವೀಸ್ ಕೇಂದ್ರಕ್ಕೆ ಒಯ್ಯಿರಿ.

ಡಿಕ್ಕಿ ಮತ್ತು ನೆಲ

ಸ್ಟೆಪ್ನಿ ಎತ್ತಿ ಅದರ ಹೊಂಡ ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಅಲ್ಲಿ ನೀರಿದ್ದರೆ ಒಣಗಿಸಿ, ಟಾರ್ಚ್ ಹಿಡಿದು ಯಾರಾದರೂ ಡಿಕ್ಕಿಯೊಳಗೆ ನೋಡುತ್ತಿರುವಂತೆ ಹೊರಗೆ ನೀರು ಬಿಡಿ. ಹಿಂದಿನ ದೀಪಗಳ ಹಿಂದಿನ ಫೋಮ್ ಗ್ಯಾಸ್ಕೆಟ್ ಮೊದಲ ಅನುಮಾನ: ನಟ್ ಬಿಚ್ಚಿ ದೀಪ ಹೊರತೆಗೆದರೆ ಚಪ್ಪಟೆಯಾದ ಫೋಮಿನ ಮೇಲೆ ನೀರಿನ ದಾರಿ ಕಣ್ಣಿಗೇ ಕಾಣುತ್ತದೆ. ಆಮೇಲೆ ಮೇಲಿನ ಬ್ರೇಕ್ ದೀಪ, ಆಂಟೆನಾ ಬುಡ, ಲಗೇಜ್ ಕ್ಯಾರಿಯರ್ ಬೋಲ್ಟುಗಳು, ಡಿಕ್ಕಿ ಬಾಗಿಲಿಗೆ ವಯರು ಹೋಗುವ ರಬ್ಬರ್ ಕೊಳವೆ, ಛಾವಣಿಯ ಉದ್ದ ಪಟ್ಟಿಯಡಿ ಬಿರಿದ ಸೀಲರ್. ಬದಿಯ ಮೂಲೆಗಳಲ್ಲಿ ಮಾತ್ರ ಕೆಸರುನೀರು ಇದ್ದರೆ ಬಂಪರ್ ಒಳಗಿನ ಗಾಳಿಕಿಂಡಿಯ ಸುತ್ತಲಿನ ರಬ್ಬರ್ ಹೋಗಿದೆ.

ನೆಲದಲ್ಲಿ ಕಾರ್ಖಾನೆಯವರೇ ಬಿಟ್ಟ ತೂತುಗಳಿವೆ. ಕಾರಿನ ಮೈಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಎತ್ತಿದಾಗ ದ್ರವ ಇಳಿದುಹೋಗಲು ಅವು ಬೇಕು, ಆಮೇಲೆ ರಬ್ಬರ್ ಬಿರಡೆ ಹಾಕುತ್ತಾರೆ. ಬಿರಡೆ ಕಳಚಿದ್ದರೆ ಅದೇ ಅಳತೆಯದನ್ನು ತಂದು ಹಾಕಿ. ಫಾಗ್ ಲ್ಯಾಂಪ್, ಜೋರು ಹಾರ್ನ್ ಹಾಕಿಸಿದ ಕಾರುಗಳಲ್ಲಿ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗ್ರೊಮೆಟ್ (ವಯರು ಹಾಯುವ ತೂತಿನ ರಬ್ಬರ್ ಬಳೆ) ಸೀಳಿ ವಯರು ತೂರಿಸಿರುತ್ತಾರೆ. ಆ ಸೀಳಿನಿಂದ ನೀರು ವಯರನ್ನೇ ಹಿಡಿದು ಒಳಬರುತ್ತದೆ. ಹೊರಬದಿಯಲ್ಲಿ ವಯರು ತುಸು ಕೆಳಗೆ ಬಾಗಿ ಮತ್ತೆ ಮೇಲೇರಿ ಒಳಹೋಗುವಂತೆ ಕಟ್ಟಿ. ನೀರು ಬಾಗಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ.

ಪಂಪ್‌ವೆಲ್, ಕೊಟ್ಟಾರ ಚೌಕಿ, ಕಲ್ಸಂಕದಂಥ ಕಡೆ ನೆರೆನೀರಿನಲ್ಲಿ ನಿಂತು ಒಳಗೆ ನೀರು ಬಂದ ಕಾರಿಗೆ ಈ ಬರಹದ ಕ್ರಮ ಹೊಂದುವುದಿಲ್ಲ. ಅದನ್ನು ಸ್ಟಾರ್ಟ್ ಮಾಡದೆ, ಬ್ಯಾಟರಿ ಕಳಚಿಸಿ, ವಿಮೆಯವರಿಗೆ ತಿಳಿಸಿ ಎತ್ತಿಸಿಕೊಂಡು ಹೋಗಬೇಕು.

ಒಣಗಿಸುವುದು

ಸೋರಿಕೆ ನಿಂತರೂ ಕಾರ್ಪೆಟ್ ಅಡಿಯ ಫೋಮ್ ನೀರನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಮುಟ್ಟಿದರೆ ಒಣಗಿದಂತಿರುತ್ತದೆ, ಅಡಿಯಲ್ಲಿ ಬೂಷ್ಟು ಬೆಳೆಯುತ್ತಿರುತ್ತದೆ, ವಯರಿನ ಜೋಡಣೆಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಸುಗಂಧದ ಡಬ್ಬಿ ಇಟ್ಟು ಇದನ್ನು ಮುಚ್ಚಿಡುವುದು ಉಸಿರಾಡುವವರಿಗೆ ಮಾಡುವ ಅನ್ಯಾಯ, ಮಕ್ಕಳು ಕೂರುವ ಕಾರಿನಲ್ಲಂತೂ ಸಲ್ಲದು.

ಸೀಟು ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತಂತಿ ಕಳಚಿ ಕೆಲವು ನಿಮಿಷ ಕಾಯಿರಿ. ಸೀಟಿನಡಿಯ ಹಳದಿ ಕನೆಕ್ಟರುಗಳು ಏರ್‌ಬ್ಯಾಗ್ ಮತ್ತು ಸೀಟ್‌ಬೆಲ್ಟಿನವು, ಅವನ್ನು ಬ್ಯಾಟರಿ ಜೋಡಿಸಿರುವಾಗ ಮುಟ್ಟಬಾರದು. ಫೋಮನ್ನು ಹೊರತೆಗೆಯಬಹುದಾದರೆ ತೆಗೆದು ಹಿಂಡಿ, ಗಾಳಿಯಾಡುವ ಜಗಲಿಯಲ್ಲಿ ಫ್ಯಾನ್ ಕೆಳಗೆ ನಿಲ್ಲಿಸಿ. ಮಳೆಗಾಲದ ಬಟ್ಟೆಯಂತೆ ಬಚ್ಚಲ ಒಲೆಯ ಮೇಲೆ ಹಾಕಬೇಡಿ. ಫೋಮ್ ಹೊಗೆ ಹೀರಿಕೊಳ್ಳುತ್ತದೆ, ಬೆಂಕಿಯೂ ತಗಲಬಹುದು. ತೆಗೆಯಲಾಗದಿದ್ದರೆ ಕಾರ್ಪೆಟ್ ಅಂಚಿನಡಿ ಮರದ ತುಂಡು ಇಟ್ಟು ಎತ್ತರಿಸಿ, ಮೇಜಿನ ಫ್ಯಾನನ್ನು ಅದರೊಳಕ್ಕೆ ತಿರುಗಿಸಿ.

ಜುಲೈಯ ಗಾಳಿಗೆ ಗಾಜು ಇಳಿಸಿಟ್ಟರೆ ಏನೂ ಒಣಗದು, ಹೊರಗಿನ ತೇವವೇ ಒಳಬರುತ್ತದೆ. ಬ್ಯಾಟರಿ ಜೋಡಿಸಿದ ಮೇಲೆ, ಬಯಲಿನಲ್ಲಿ ಕಾರು ನಿಲ್ಲಿಸಿ ಏಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿ, ಗಾಜು ಮುಚ್ಚಿ ಓಡಿಸಿ. ಏಸಿ ಗಾಳಿಯ ತೇವವನ್ನು ಹಿಂಡಿ ಹೊರಹಾಕುತ್ತದೆ, ಹೀಟರ್ ಆ ಒಣಗಾಳಿಯನ್ನು ಬಿಸಿಮಾಡುತ್ತದೆ. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಎಂಜಿನ್ ಹಾಗೆ ಓಡಿಸಬಾರದು, ಹೊಗೆಯಿಂದ ಪ್ರಾಣಾಪಾಯ.

ಎಲ್ಲ ಒಣಗಿದ ಮೇಲೂ ಫೋಮನ್ನು ಕೂಡಲೇ ಹಾಕಬೇಡಿ. ತಗಡಿನ ಮೇಲೆ ಪತ್ರಿಕೆ ಹಾಸಿ, ಒಂದೆರಡು ಒಳ್ಳೆಯ ಜಡಿಮಳೆ ಹೊಯ್ಯಲಿ, ಕಾರನ್ನು ಎರಡೂ ದಿಕ್ಕಿನ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ. ಕಾಗದ ಗರಿಗರಿಯಾಗಿಯೇ ಉಳಿದರೆ ಫೋಮ್, ಕಾರ್ಪೆಟ್, ಸೀಟು, ಈ ಕ್ರಮದಲ್ಲಿ ಕೂರಿಸಿ. ವೈಪರ್ ತೊಟ್ಟಿ ಮತ್ತು ಬಾಗಿಲ ತೂತುಗಳ ಸ್ವಚ್ಛತೆಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ಆಚರಣೆಯ ದಿನ ಪತ್ತನಾಜೆಯ ಆಸುಪಾಸಿನಲ್ಲಿ, ಮೇ ಕೊನೆಯ ವಾರದೊಳಗೆ ಮುಗಿಸಿ. ಗಾಳಿಮರದಡಿ ಕಾರು ನಿಲ್ಲಿಸುವವರು ಮಳೆಗಾಲದ ನಡುವೆ ಇನ್ನೊಮ್ಮೆ ಮಾಡಬೇಕು.